ಮಾತು ಮುಗಿದ ಮೇಲೆ ಲೈನ್ ಬಿಡಿಸುವವರು

ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರಲ್ಲಿ ರಾಯಚೂರಿಗೆ ಮುಟ್ಟಿ ಮದ್ರಾಸ್ ರೈಲ್ವೆಯ ಹಳಿಯನ್ನು ಕೂಡಿತು. ಆ ದಾರಿಯಲ್ಲಿ ಯಾದಗಿರಿಯೂ ಒಂದು ಸ್ಟೇಷನ್. ಹಳಿಯ ಬೆನ್ನಿಗೇ ತಂತಿ ಕಂಬಗಳೂ ಬಂದವು. ಒಂಟಿ ಹಳಿಯ ಕಾಲದಲ್ಲಿ ರೈಲ್ವೆ ತಂತಿಯ ದೊಡ್ಡ ಕೆಲಸವೆಂದರೆ ಲೈನ್ ಕ್ಲಿಯರ್. ಮುಂದಿನ ಸ್ಟೇಷನ್ ಮಾಸ್ತರರು ಒಪ್ಪಿಗೆ ಕೊಡದೆ ಗಾಡಿ ಬಿಡುವಂತಿರಲಿಲ್ಲ. ಗಾಡಿ ಅಲ್ಲಿಗೆ ಪೂರ್ತಿ ಬಂದು, ಅದರ ಕೊನೆಯ ಡಬ್ಬಿಯ ಗುರುತು ಕಣ್ಣಿಗೆ ಬಿದ್ದ ಮೇಲೆ, ಗಾಡಿ ಬಂದು ಸೇರಿದೆ ಎಂದು ಅವರು ಹಿಂದಿನ ಸ್ಟೇಷನ್ನಿಗೆ ತಿಳಿಸಬೇಕಿತ್ತು. ಆ ಸುದ್ದಿ ಬರುವ ತನಕ ನಡುವಿನ ಹಳಿ ಬರಿದಾಗಿದ್ದರೂ ಇನ್ನೊಂದು ಗಾಡಿಗೆ ಸಿಗುತ್ತಿರಲಿಲ್ಲ. ದಾರಿ ಹಿಡಿಯುವುದಕ್ಕೆ ಎಷ್ಟು ಕಟ್ಟುನಿಟ್ಟೋ ದಾರಿ ಬಿಡಿಸುವುದಕ್ಕೂ ಅಷ್ಟೇ ಕಟ್ಟುನಿಟ್ಟು.

ನಾನು ಶಹಾಪುರದವನು. ನಮ್ಮೂರಿಗೂ ಸುರಪುರಕ್ಕೂ ರೈಲು ಇಂದಿಗೂ ಬಂದಿಲ್ಲ. ಆದರೆ ಲೈನ್ ಹಿಡಿಯುವ, ಲೈನ್ ಬಿಡಿಸುವ ಕೆಲಸದಲ್ಲೇ ನನ್ನ ಹೊಟ್ಟೆಪಾಡು ನಡೆದಿದೆ. ಹತ್ತಿ ಜಿನ್ನಿಂಗ್ ಮಿಲ್ಲುಗಳಿಗೆ, ಅಡತ್ ಅಂಗಡಿಗಳಿಗೆ ತೂಕದ ಮತ್ತು ಲೆಕ್ಕದ ಸಾಫ್ಟ್‌ವೇರ್ ಬರೆದು ನೋಡಿಕೊಳ್ಳುತ್ತೇನೆ. ಈ ಕೆಲಸದಲ್ಲಿ ಒಂದು ಕಂಪ್ಯೂಟರ್ ಇನ್ನೊಂದರ ಜೊತೆ ಮಾತಾಡಬೇಕೆಂದರೆ ನೆಟ್‌ವರ್ಕ್ ಲೈಬ್ರರಿ ಬೇಕು. ಅದು ಬೇರೆಯವರು ಬರೆದಿಟ್ಟ ಸಿದ್ಧ ಸಂಕೇತ, ನಮ್ಮ ಸಾಫ್ಟ್‌ವೇರಿನ ಅಡಿಪಾಯ. ಹಳೆಯ ಆವೃತ್ತಿಗೆ ಬೆಂಬಲ ನಿಂತಾಗ ಹೊಸದಕ್ಕೆ ಹೋಗಲೇಬೇಕು. ಇದನ್ನು ಅಪ್‌ಗ್ರೇಡ್ ಎನ್ನುತ್ತೇವೆ. ಹೊರಗಿನವರಿಗೆ ಇದು ಒಂದು ಗುಂಡಿ ಒತ್ತುವ ಕೆಲಸವೆನಿಸುತ್ತದೆ. ನನಗೆ ಇದರ ಹಿಂದೆ ಒಂದೂವರೆ ಶತಮಾನದ ಚರಿತ್ರೆ ಕಾಣುತ್ತದೆ. ಸಂಪರ್ಕ ತೆರೆಯುವವರು ಯಾರು ಎಂಬುದು ಯಾವ ಕಾಲಕ್ಕೂ ಸ್ಪಷ್ಟವಾಗಿಯೇ ಇತ್ತು. ಅದನ್ನು ಮುಚ್ಚುವ ಹೊಣೆ ಮಾತ್ರ ತಲೆಮಾರಿಗೊಮ್ಮೆ ಕೈ ಬದಲಿಸುತ್ತ ಬಂದಿದೆ. ಹೊಸ ಯಂತ್ರವೋ ಹೊಸ ಆವೃತ್ತಿಯೋ ಬಂದಾಗ ಕೆಲಸ ಕೆಡುವುದು ಹೆಚ್ಚಾಗಿ ಆ ಹೊಣೆ ಯಾರ ಕೈಗೆ ಹೋಯಿತು ಎಂಬುದು ತಿಳಿಯದಿದ್ದಾಗ.

ಹ್ಯಾಂಡಲ್ ತಿರುಗಿಸುವ ಫೋನು

1956ರ ನವೆಂಬರ್ 1ರ ತನಕ ಯಾದಗಿರಿ, ಶಹಾಪುರ, ಸುರಪುರ ಮೂರೂ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮ್ ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಅಂಚೆಚೀಟಿ ಇತ್ತು. ಅದು 1950ರಲ್ಲಿ ಭಾರತದ ಅಂಚೆಯಲ್ಲಿ ಸೇರಿಹೋಯಿತು. ರಾಜ್ಯ ಏಕೀಕರಣವಾಗಿ ನಾವು ಮೈಸೂರು ರಾಜ್ಯಕ್ಕೆ ಬಂದ ಮೇಲೂ ವ್ಯಾಪಾರದ ಮಾತು ಬಹುಕಾಲ ಹೈದರಾಬಾದಿನ ಕಡೆಗೇ ಹೋಗುತ್ತಿತ್ತು. ತೊಗರಿ, ಶೇಂಗಾ, ಹತ್ತಿಯ ಧಾರಣೆ ಕೇಳಲು ಅಡತಿಯವರು ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದರು.

ನನ್ನ ಕಾಕಾ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಆಪರೇಟರ್ ಆಗಿ ಸೇರಿ, ಬಿಎಸ್‌ಎನ್‌ಎಲ್ ಆದ ಮೇಲೆ ನಿವೃತ್ತರಾದವರು. ಈ ಭಾಗದ ಸಣ್ಣ ಎಕ್ಸ್‌ಚೇಂಜುಗಳಲ್ಲಿ ಅವರು ಕೆಲಸ ಕಲಿತದ್ದು ಮ್ಯಾಗ್ನೆಟೊ ಬೋರ್ಡಿನ ಮೇಲೆ. ಚಂದಾದಾರರ ಮನೆಯ ಫೋನಿಗೆ ಒಂದು ಹ್ಯಾಂಡಲ್. ಅದನ್ನು ತಿರುಗಿಸಿದರೆ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಆ ನಂಬರಿನ ಪುಟ್ಟ ಶಟರ್ ಟಪ್ ಎಂದು ಕೆಳಗೆ ಬೀಳುತ್ತಿತ್ತು. ಆಪರೇಟರ್ ಕಾರ್ಡು ಎಂದು ಕರೆಯುವ ಒಂದು ವೈರಿನ ತುದಿಯನ್ನು ಅವರ ತೂತಿಗೆ ಚುಚ್ಚಿ, ಯಾರು ಬೇಕು ಎಂದು ಕೇಳಿ, ಜೋಡಿ ಕಾರ್ಡನ್ನು ಬೇಕಾದವರ ತೂತಿಗೆ ಚುಚ್ಚಿದರೆ ಮಾತು ಶುರು. ಹೀಗೆ ತೆರೆಯುವುದು ಸುಲಭ. ಮಾತು ಮುಗಿದದ್ದು ಆಪರೇಟರಿಗೆ ತಿಳಿಯುವುದು ಹೇಗೆ? ರಿಸೀವರ್ ಇಟ್ಟರೆ ಬೋರ್ಡಿಗೆ ಗೊತ್ತಾಗುತ್ತಿರಲಿಲ್ಲ. ಚಂದಾದಾರರು ಮಾತು ಮುಗಿಸಿ ಇನ್ನೊಮ್ಮೆ ಹ್ಯಾಂಡಲ್ ತಿರುಗಿಸಬೇಕಿತ್ತು. ಅದಕ್ಕೆ ರಿಂಗ್ ಆಫ್ ಎಂದು ಹೆಸರು.

"ಮಾತು ಮುಗದ ಮ್ಯಾಲ ಹ್ಯಾಂಡಲ್ ತಿರಗಸ್ರೀ ಅಂತ ಎಷ್ಟ್ ಸಲ ಹೇಳಿದ್ರೂ ಮರೀತಿದ್ರು ನೋಡು ತಮ್ಮಾ," ಎಂದು ಕಾಕಾ ಹೇಳುತ್ತಾರೆ. "ಕಾರ್ಡ್ ಹಂಗೇ ಚುಚ್ಚಿರ್ತಿತ್ತು. ಬ್ಯಾರೆಯವ್ರು ಕೇಳಿದ್ರ ಲೈನ್ ಬಿಝಿ ಅದ ಅಂತ ಹೇಳಬೇಕಾಗ್ತಿತ್ತು. ಆಮ್ಯಾಲ ನಾವಾ ಕೀ ಒತ್ತಿ, ಮಾತು ಮುಗೀತೇನ್ರೀ ಅಂತ ಕೇಳ್ತಿದ್ವಿ. ಎರಡ್ಮೂರು ಸಲ ಕೇಳಿದ್ರೂ ಉಸರು ಬರ್ಲಿಲ್ಲಂದ್ರ ಕಾರ್ಡ್ ಕಿತ್ತು ಬಿಡೋದು."

"ಮಾತಾಡ್ತಿರೋರ ಲೈನ್ ಕಿತ್ತೀರೇನು ಕಾಕಾ?" ಎಂದು ಕೇಳಿದರೆ, "ಅದಕ್ಕಾ ಮೊದಲ ಕೇಳೋದು. ಕೇಳಲಾರದಾ ಕಿತ್ತವ ಆಪರೇಟರ್ ಅಲ್ಲ" ಎನ್ನುತ್ತಾರೆ.

ಊರೊಳಗಿನ ಮಾತಿಗೆ ಕಾರ್ಡು ಸಿಕ್ಕಿಹಾಕಿಕೊಂಡರೆ ಒಬ್ಬರಿಗೆ ತೊಂದರೆ. ಟ್ರಂಕ್ ಲೈನ್ ಸಿಕ್ಕಿಹಾಕಿಕೊಂಡರೆ ಊರಿಗೇ ತೊಂದರೆ, ಏಕೆಂದರೆ ಹೊರಗೆ ಹೋಗುವ ಲೈನುಗಳು ಬೆರಳೆಣಿಕೆಯಷ್ಟು. ಅದಕ್ಕೆ ಇಲಾಖೆ ಎರಡು ಕಟ್ಟುಪಾಡು ಮಾಡಿತ್ತು. ಮೊದಲನೆಯದು ಸರದಿ: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳು, ದರ್ಜೆಗೆ ತಕ್ಕ ದರ. ಎರಡನೆಯದು ಕಾಲಮಿತಿ: ಮೂರು ಮಿನಿಟಿಗೆ ಒಂದು ಲೆಕ್ಕ. ಮೂರು ಮಿನಿಟಾದ ಕೂಡಲೇ ಆಪರೇಟರ್ ನಡುವೆ ಬಂದು, ಮುಂದುವರಿಸುತ್ತೀರಾ ಎಂದು ಕೇಳುತ್ತಿದ್ದರು. ಕಡಿಮೆ ಲೈನು, ಹೆಚ್ಚು ಜನ, ಸರದಿ, ಕಾಲಮಿತಿ, ಉಸಿರಿದೆಯೋ ಇಲ್ಲವೋ ಎಂಬ ವಿಚಾರಣೆ. ಇಂದಿನ ಸರ್ವರುಗಳು ಸಂಪರ್ಕ ನಿಭಾಯಿಸುವ ಬಗೆಯೂ ಇದೇ, ಒಂದೂ ಬಿಟ್ಟುಹೋಗಿಲ್ಲ.

ದೊಡ್ಡ ಊರುಗಳ ಸೆಂಟ್ರಲ್ ಬ್ಯಾಟರಿ ಬೋರ್ಡಿನಲ್ಲಿ ರಿಸೀವರ್ ಇಟ್ಟ ತಕ್ಷಣ ಆಪರೇಟರ್ ಎದುರಿಗೆ ದೀಪ ಹೊತ್ತುತ್ತಿತ್ತು. ಅಲ್ಲಿ ಚಂದಾದಾರರು ಹ್ಯಾಂಡಲ್ ತಿರುಗಿಸುವ ಹೊಣೆಯಿಂದ ಬಿಡುಗಡೆಯಾದರು. ಆ ಹೊಣೆ ಫೋನಿನ ಕೊಕ್ಕೆಯ ಪಾಲಾಯಿತು. ರಿಸೀವರನ್ನು ಸರಿಯಾಗಿ ಇಡದವರ ಲೈನು ಹೊಸ ಬಗೆಯಲ್ಲಿ ಸಿಕ್ಕಿಹಾಕಿಕೊಳ್ಳತೊಡಗಿತು. ಅಪ್‌ಗ್ರೇಡ್ ಎಂದರೆ ಏನೆಂದು ನಾನು ಅರ್ಥ ಮಾಡಿಕೊಂಡದ್ದು ಈ ದೀಪದ ಕಥೆಯಿಂದ.

ಕಿತ್ತೂರಿನಿಂದ ಬಂದ ಪೆಟ್ಟಿಗೆ

1984ರ ಆಗಸ್ಟಿನಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಸ್ಯಾಮ್ ಪಿತ್ರೋಡಾ ಮುಂದಾಳುತನದಲ್ಲಿ, ದೆಹಲಿ ಮತ್ತು ಬೆಂಗಳೂರಿನಲ್ಲಿ ಕುಳಿತ ಎಳೆಯ ಎಂಜಿನಿಯರುಗಳು ನಮ್ಮ ಹಳ್ಳಿಗಳ ಬಿಸಿಲು, ಧೂಳು ತಡೆಯುವ, ಎಸಿ ಕೋಣೆ ಬೇಡದ ಡಿಜಿಟಲ್ ಎಕ್ಸ್‌ಚೇಂಜ್ ತಯಾರಿಸಿದರು. 128 ಪೋರ್ಟಿನ ಆ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಬೇಸಿಗೆಯಲ್ಲಿ ಕಲ್ಲು ಕಾಯುವ ನಮ್ಮ ಸೀಮೆಗೆ ಎಸಿ ಬೇಡದ ಎಕ್ಸ್‌ಚೇಂಜ್ ಎಂಥ ವರವೆಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಂದ ಮುಂದೆ ಲೈನ್ ಬಿಡಿಸುವ ಕೆಲಸ ಸಾಫ್ಟ್‌ವೇರಿನದು. ರಿಸೀವರ್ ಇಟ್ಟರೆ ವಿದ್ಯುತ್ ಸುತ್ತು ಮುರಿಯುತ್ತದೆ, ಪ್ರೊಸೆಸರ್ ಅದನ್ನು ಗಮನಿಸಿ ದಾರಿ ಬಿಡಿಸುತ್ತದೆ. ರಿಸೀವರ್ ಕೆಳಗೆ ಬಿದ್ದು ಹಾಗೇ ಉಳಿದರೆ? ಸ್ವಲ್ಪ ಹೊತ್ತು ಡಯಲ್ ಟೋನ್, ಆಮೇಲೆ ಎಚ್ಚರಿಕೆಯ ದನಿ, ಅದಕ್ಕೂ ಕದಲದಿದ್ದರೆ ಎಕ್ಸ್‌ಚೇಂಜ್ ಆ ಲೈನನ್ನು ಬದಿಗೆ ಸರಿಸಿ ತನ್ನ ಸಾಮಾನು ಸರಂಜಾಮನ್ನು ಬೇರೆಯವರಿಗೆ ಬಿಡಿಸಿಕೊಳ್ಳುತ್ತದೆ. ಆಪರೇಟರ್ ಕೇಳುತ್ತಿದ್ದ "ಮಾತು ಮುಗೀತೇನ್ರೀ" ಎಂಬ ಪ್ರಶ್ನೆ ಗಡಿಯಾರವಾಗಿ ಮಾರ್ಪಟ್ಟಿತು.

ಇದೇ ಬಗೆಯ ಎಕ್ಸ್‌ಚೇಂಜುಗಳ ಬೆನ್ನಿಗೆ ಊರೂರಿಗೆ ಎಸ್‌ಟಿಡಿ ಬೂತ್ ಬಂದವು. ನಮ್ಮ ತಾಲ್ಲೂಕುಗಳಿಂದ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿಗೆ ಗುಳೆ ಹೋಗುವ ಮನೆಗಳು ಬಹಳ. ರಾತ್ರಿ ದರ ಇಳಿಯುವ ಹೊತ್ತಿಗೆ ಬೂತಿನ ಮುಂದೆ ಸಾಲು. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಅಂಕಿಯ ಮೀಟರು ಓಡುತ್ತಿದ್ದರೆ, ಮಗನ ದನಿ ಕೇಳಲು ಬಂದ ತಾಯಿಯ ಕಣ್ಣು ಮೀಟರಿನ ಮೇಲೆ, ಕಿವಿ ರಿಸೀವರಿನಲ್ಲಿ. ಆ ಕಾಲದಲ್ಲಿ ಸಂಪರ್ಕ ಮುಚ್ಚುತ್ತಿದ್ದದ್ದು ಕೈಯಲ್ಲಿದ್ದ ದುಡ್ಡು. ಯಾರೂ ಲೈನ್ ಸುಮ್ಮನೆ ಹಿಡಿದು ಕೂರುತ್ತಿರಲಿಲ್ಲ. ಮಾತು ಅಗ್ಗವಾದ ಮೇಲೆ ಬಡವರ ಮನೆಗೆ ದೊಡ್ಡ ಉಪಕಾರವಾಯಿತು. ಜೊತೆಗೆ ಲೈನ್ ಬಿಡಿಸುವ ಎಚ್ಚರ ಮನುಷ್ಯರಿಂದ ದೂರವಾಗಿ ಪೂರ್ತಿ ಯಂತ್ರದ ಪಾಲಾಯಿತು.

ಮೂರು ಹೆಜ್ಜೆಯಲ್ಲಿ ತೆರೆದು ನಾಲ್ಕು ಹೆಜ್ಜೆಯಲ್ಲಿ ಮುಚ್ಚುವುದು

ಕಂಪ್ಯೂಟರುಗಳ ನಡುವಿನ ಮಾತಿಗೆ ಹೆಚ್ಚು ಬಳಕೆಯಲ್ಲಿರುವ ಕಟ್ಟಳೆ ಟಿಸಿಪಿ. ಜಾನ್ ಪೋಸ್ಟೆಲ್ ಸಂಪಾದಿಸಿದ ಅದರ ಪ್ರಸಿದ್ಧ ದಾಖಲೆ, ಆರ್‌ಎಫ್‌ಸಿ 793, ಬಂದದ್ದು 1981ರ ಸೆಪ್ಟೆಂಬರಿನಲ್ಲಿ. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ತನ್ನ ಹಳೆಯ ಕಟ್ಟಳೆಯನ್ನು ಬಿಟ್ಟು ಇದಕ್ಕೆ ಬದಲಾಯಿತು. ನೆಟ್‌ವರ್ಕಿನ ಅಪ್‌ಗ್ರೇಡುಗಳಲ್ಲಿ ಎಲ್ಲರೂ ಒಂದೇ ದಿನ ಬದಲಾಗಬೇಕಾಗಿ ಬಂದ ದೊಡ್ಡ ಪ್ರಸಂಗವದು. ಅದೇ ವರ್ಷ ಬರ್ಕ್‌ಲಿ ವಿಶ್ವವಿದ್ಯಾಲಯದ 4.2 ಬಿಎಸ್‌ಡಿ ಯುನಿಕ್ಸ್ 'ಸಾಕೆಟ್' ಎಂಬ ಸಲಕರಣೆ ಕೊಟ್ಟಿತು. ಇಂದು ನಾನು ಬರೆಯುವ ಪ್ರತಿ ಪ್ರೋಗ್ರಾಮಿನ ಅಡಿಯಲ್ಲಿ ಇರುವುದು ಆ ಸಾಕೆಟ್ಟೇ.

ಟಿಸಿಪಿಯಲ್ಲಿ ಸಂಪರ್ಕ ತೆರೆಯಲು ಮೂರು ಹೆಜ್ಜೆ. ಇತ್ತಲಿನವರು ಕರೆಯುತ್ತಾರೆ, ಅತ್ತಲಿನವರು ಓಗೊಟ್ಟು ತಾವೂ ಕರೆಯುತ್ತಾರೆ, ಇತ್ತಲಿನವರು ಅದಕ್ಕೆ ಓಗೊಡುತ್ತಾರೆ. ಮುಚ್ಚಲು ಸಾಮಾನ್ಯವಾಗಿ ನಾಲ್ಕು. 'ನನ್ನ ಮಾತು ಮುಗಿಯಿತು' ಎಂದು ಒಬ್ಬರು ಹೇಳಬೇಕು, ಇನ್ನೊಬ್ಬರು ಕೇಳಿಸಿತೆನ್ನಬೇಕು. ಆಮೇಲೆ ಅವರೂ 'ನನ್ನದೂ ಮುಗಿಯಿತು' ಎನ್ನಬೇಕು, ಅದಕ್ಕೂ ಒಪ್ಪಿಗೆ ಬರಬೇಕು. ಒಬ್ಬರು ಮುಗಿಸಿ, ಇನ್ನೊಬ್ಬರು ಮುಗಿಸದೆ ಉಳಿದರೆ ಆ ಸಂಪರ್ಕ 'ಕ್ಲೋಸ್ ವೇಟ್' ಎಂಬ ಸ್ಥಿತಿಯಲ್ಲಿ ನೇತಾಡುತ್ತದೆ. ಅತ್ತ ಕಡೆಯವರು ಎದ್ದು ಹೋಗಿದ್ದಾರೆ, ಇತ್ತ ಕಾರ್ಡು ಚುಚ್ಚಿದ ಹಾಗೇ ಇದೆ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಒಂದು ಪ್ರೋಗ್ರಾಮಿಗೆ ಬಹಳ ಕಾಲದಿಂದ ಇರುವ ವಾಡಿಕೆಯ ಮಿತಿ 1,024 ತೆರೆದ ಫೈಲುಗಳು. ಪ್ರತಿ ಸಾಕೆಟ್ಟೂ ಅದರಲ್ಲಿ ಒಂದು ಸ್ಥಾನ ಹಿಡಿಯುತ್ತದೆ. ಮುಚ್ಚದೆ ಬಿಟ್ಟ ಸಾಕೆಟ್ಟುಗಳು ಸ್ಥಾನಗಳನ್ನೆಲ್ಲ ತಿಂದ ದಿನ ಪ್ರೋಗ್ರಾಮ್ ಹೊಸಬರಿಗೆ ಬಾಗಿಲು ತೆರೆಯದು.

ಸರಿಯಾಗಿ ಮುಚ್ಚಿದರೂ ಲೆಕ್ಕ ಮುಗಿಯುವುದಿಲ್ಲ. ಮೊದಲು ಮುಚ್ಚಿದ ಕಡೆಯವರು ತಡವಾಗಿ ಬರುವ ಚೂರುಪಾರು ಸಂದೇಶಗಳಿಗಾಗಿ ಆ ಸಂಪರ್ಕದ ಗುರುತನ್ನು ಸ್ವಲ್ಪ ಹೊತ್ತು ಕಾದಿಡಬೇಕು. 'ಟೈಮ್ ವೇಟ್' ಎಂಬ ಈ ಸ್ಥಿತಿ ಲಿನಕ್ಸಿನಲ್ಲಿ 60 ಸೆಕೆಂಡು. ಹೊರಹೋಗುವ ಸಂಪರ್ಕಗಳಿಗೆ ಲಿನಕ್ಸ್ ವಾಡಿಕೆಯಾಗಿ ಬಳಸುವ ಪೋರ್ಟು ಸಂಖ್ಯೆಗಳು 32768ರಿಂದ 60999ರ ತನಕ, ಒಟ್ಟು 28,232. ಒಂದೇ ಸರ್ವರಿನ ಜೊತೆ ಪ್ರತಿ ಸಲ ಹೊಸ ಸಂಪರ್ಕ ತೆರೆದು ಮುಚ್ಚುತ್ತಿದ್ದರೆ ಸೆಕೆಂಡಿಗೆ ಸುಮಾರು 470ಕ್ಕಿಂತ ಹೆಚ್ಚು ಸಾಗದು. ಯಂತ್ರದಲ್ಲಿ ಶಕ್ತಿ ಇದ್ದರೂ ಪೋರ್ಟು ಬರಿದಾಗುತ್ತದೆ.

1990ರ ದಶಕದ ವೆಬ್ ಈ ಗೋಡೆಗೇ ಬಂದು ತಾಗಿತು. ವೆಬ್ ಪುಟ ತರಿಸುವ ಕಟ್ಟಳೆಯಾದ ಆಗಿನ ಎಚ್‌ಟಿಟಿಪಿಯಲ್ಲಿ ಒಂದು ಪುಟಕ್ಕೆ ಒಂದು ಸಂಪರ್ಕ, ಪುಟದ ಪ್ರತಿ ಚಿತ್ರಕ್ಕೂ ಬೇರೆ ಬೇರೆ ಸಂಪರ್ಕ. ಜೆಫ್ರಿ ಮೊಗಲ್ 1995ರಲ್ಲಿ, ಒಮ್ಮೆ ತೆರೆದ ಸಂಪರ್ಕವನ್ನು ಉಳಿಸಿಕೊಂಡು ಮತ್ತೆ ಮತ್ತೆ ಬಳಸಬೇಕೆಂದು ಅಳತೆಗಳ ಸಮೇತ ವಾದಿಸಿದರು. 1997ರ ಜನವರಿಯಲ್ಲಿ ಬಂದ ಎಚ್‌ಟಿಟಿಪಿ 1.1 ಅದನ್ನೇ ವಾಡಿಕೆ ಮಾಡಿತು. 1999ರ ಪರಿಷ್ಕೃತ ಆವೃತ್ತಿ, ಒಬ್ಬ ಬಳಕೆದಾರ ಒಂದು ಸರ್ವರಿನ ಜೊತೆ ಎರಡಕ್ಕಿಂತ ಹೆಚ್ಚು ಸಂಪರ್ಕ ಇಟ್ಟುಕೊಳ್ಳಬಾರದೆಂದು ಸಲಹೆ ಕೊಟ್ಟಿತು. ಅದೇ 1999ರಲ್ಲಿ ಡ್ಯಾನ್ ಕೆಗೆಲ್, ಒಂದು ಯಂತ್ರ ಏಕಕಾಲಕ್ಕೆ ಹತ್ತು ಸಾವಿರ ಜನರನ್ನು ಹೇಗೆ ಸಂಭಾಳಿಸಬೇಕೆಂಬ ಪ್ರಶ್ನೆಯನ್ನು ಮುಂದಿಟ್ಟರು. ಹಲವು ಸಂಪರ್ಕಗಳ ಮೇಲೆ ಒಟ್ಟಿಗೆ ಕಣ್ಣಿಡುವ ಈಪೋಲ್ ಎಂಬ ಸಲಕರಣೆ ಲಿನಕ್ಸಿಗೆ ಬಂತು. ಇಗೋರ್ ಸಿಸೊಯೆವ್ 2004ರಲ್ಲಿ ಎಂಜಿನ್‌ಎಕ್ಸ್ ಸರ್ವರನ್ನು ಲೋಕಕ್ಕೆ ಕೊಟ್ಟರು. ತೆರೆದ ಸಂಪರ್ಕವನ್ನು ಹಿಡಿದಿಡುವ ಖರ್ಚು ಇಳಿಯಿತು. ಖರ್ಚು ಇಳಿದಷ್ಟೂ ಯಾವಾಗ ಬಿಡಬೇಕೆಂಬ ಪ್ರಶ್ನೆ ದೊಡ್ಡದಾಯಿತು.

'ಸರ್ವರ್ ಇಲ್ರೀ'

ಇದೆಲ್ಲ ದೂರದ ಮಾತಲ್ಲ. 2001ರ ಹೊತ್ತಿಗೆ ಭೂಮಿ ಯೋಜನೆ ನಮ್ಮ ತಾಲ್ಲೂಕು ಕಚೇರಿಗಳಿಗೂ ಬಂತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿ ಕಂಪ್ಯೂಟರಿಗೆ ಏರಿ, 15 ರೂಪಾಯಿಗೆ ಅಚ್ಚಾಗಿ ಸಿಗತೊಡಗಿತು. ಆಮೇಲೆ ಪಡಿತರ, ಪಿಂಚಣಿ, ಬೆಳೆ ವಿಮೆ, ನೋಂದಣಿ, ಒಂದೊಂದೇ ಸೇವೆ ಜಾಲಕ್ಕೆ ಸೇರಿದವು. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು. ಕಲಬುರಗಿಗೆ ಅಲೆಯುವುದು ತಪ್ಪಿತು. ಅಷ್ಟರಲ್ಲಿ ನಮ್ಮ ಜನರ ಬಾಯಿಗೆ ಹೊಸ ಮಾತೊಂದು ಬಂದಿತ್ತು: "ಇವತ್ತ ಸರ್ವರ್ ಇಲ್ರೀ, ನಾಳಿ ಬರ್ರಿ."

ಕೂಲಿ ಬಿಟ್ಟು ಬಂದವರಿಗೆ ಆ ಮಾತಿನ ಬೆಲೆ ಒಂದು ದಿನದ ಸಂಬಳ. ಸರ್ವರ್ ನಿಜವಾಗಿ ನಿಂತುಹೋಗುವುದೂ ಉಂಟು, ವಿದ್ಯುತ್ತೋ ಕೇಬಲ್ಲೋ ಕೈಕೊಡುವುದೂ ಉಂಟು. ಆದರೆ ಸರ್ವರ್ ಗಟ್ಟಿಮುಟ್ಟಾಗಿದ್ದು, ಅದರ ಸಂಪರ್ಕಗಳೆಲ್ಲ ಬಿಡುವಿಲ್ಲದೆ ಸಿಕ್ಕಿಹಾಕಿಕೊಂಡಿರುವುದು ನಮ್ಮ ಕಸುಬಿನವರು ಮತ್ತೆ ಮತ್ತೆ ಕಾಣುವ ಕಾರಣ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ವಾಡಿಕೆಯಾಗಿ ಒಪ್ಪುವುದು 100 ಸಂಪರ್ಕ. ಜಾವಾ ಕೆಲಸಗಳಲ್ಲಿ ಹೆಚ್ಚು ಬಳಕೆಯ ಹಿಕಾರಿ ಎಂಬ ಲೈಬ್ರರಿ ಹತ್ತು ಸಂಪರ್ಕಗಳ ಒಂದು ಕೂಟ ಕಟ್ಟಿಕೊಂಡು ಎಲ್ಲರಿಗೂ ಅದರಿಂದಲೇ ಎರವಲು ಕೊಡುತ್ತದೆ. ಒಂದು ಕೆಲಸಕ್ಕೆ ಸಂಪರ್ಕ 0.1 ಸೆಕೆಂಡು ಸಾಕೆಂದರೆ ಹತ್ತೇ ಸಂಪರ್ಕದಲ್ಲಿ ಸೆಕೆಂಡಿಗೆ 100 ಕೆಲಸ ಮುಗಿಯುತ್ತವೆ. ಎಲ್ಲೋ ಒಂದು ಕಡೆ ಬಿಡಿಸುವುದು ತಡವಾಗಿ ಒಂದೊಂದಕ್ಕೂ 10 ಸೆಕೆಂಡು ಹಿಡಿದರೆ ಸೆಕೆಂಡಿಗೆ ಒಂದೇ ಕೆಲಸ. ಯಂತ್ರ ಅದೇ, ಕೇಬಲ್ ಅದೇ. ಕೌಂಟರಿನ ಮುಂದಿನ ಸಾಲು ಮಾತ್ರ ರಸ್ತೆಗೆ ಬಂದಿರುತ್ತದೆ.

ವೇಬ್ರಿಜ್ಜಿನ ಮುಂದೆ

ನನ್ನ ಕೈಯಲ್ಲಿರುವ ಒಂದು ಕೆಲಸವನ್ನು ಹತ್ತಿರದಿಂದ ತೋರಿಸುತ್ತೇನೆ. ಹತ್ತಿ ಸುಗ್ಗಿಯಲ್ಲಿ ಜಿನ್ನಿಂಗ್ ಮಿಲ್ಲಿನ ವೇಬ್ರಿಜ್ಜಿಗೆ ಗಾಡಿ ಹತ್ತುತ್ತದೆ. ಅಂಕಿ ಸ್ಥಿರವಾದ ಕೂಡಲೇ ಪಕ್ಕದ ಕೋಣೆಯ ಕಂಪ್ಯೂಟರ್ ಗಾಡಿ ನಂಬರ್, ಭರ್ತಿ ತೂಕ, ಖಾಲಿ ತೂಕ, ನಿವ್ವಳ, ಹೊತ್ತು, ಇಷ್ಟನ್ನೂ 4ಜಿ ರೂಟರಿನ ಮೂಲಕ ದೂರದ ಸರ್ವರಿಗೆ ಕಳಿಸುತ್ತದೆ. ಅದರ ಬೆನ್ನಿಗೇ ರೈತರ ಮೊಬೈಲಿಗೆ ಸಂದೇಶ ಹೋಗುತ್ತದೆ. ಈ ಪ್ರೋಗ್ರಾಮ್ ನೋಡ್ ಎಂಬ ವೇದಿಕೆಯ 18ನೇ ಆವೃತ್ತಿಯಲ್ಲಿತ್ತು. ಆ ಆವೃತ್ತಿಗೆ 2025ರ ಏಪ್ರಿಲ್ ಕೊನೆಗೆ ಬೆಂಬಲ ಮುಗಿಯುವುದಿತ್ತು. ಹೊಸ ಆವೃತ್ತಿಗೆ ಹೋಗಬೇಕಾಯಿತು.

18ರವರೆಗೆ ನೋಡ್ ವಾಡಿಕೆಯಾಗಿ ಪ್ರತಿ ಸಂದೇಶಕ್ಕೂ ಹೊಸ ಸಂಪರ್ಕ ತೆರೆದು, ಕೆಲಸ ಮುಗಿದ ಕೂಡಲೇ ಮುಚ್ಚುತ್ತಿತ್ತು. 2022ರ ಅಕ್ಟೋಬರಿನಲ್ಲಿ ಬಂದ 19ನೇ ಆವೃತ್ತಿಯಿಂದ ವಾಡಿಕೆ ತಿರುಗಿತು. ಈಗ ಮುಗಿದ ಸಂಪರ್ಕವನ್ನು 5 ಸೆಕೆಂಡು ತೆರೆದೇ ಇಟ್ಟುಕೊಂಡು, ಅಷ್ಟರಲ್ಲಿ ಇನ್ನೊಂದು ಸಂದೇಶ ಬಂದರೆ ಅದರಲ್ಲೇ ಕಳಿಸುತ್ತದೆ. ಇದು ಒಳ್ಳೆಯ ಬದಲಾವಣೆ. ಗಾಡಿಗಳು ಒಂದರ ಹಿಂದೊಂದು ನಿಂತಾಗ ಪ್ರತಿ ಸಲ ಮೂರು ಹೆಜ್ಜೆಯ ಕುಶಲೋಪರಿ, ಅದರ ಮೇಲೆ ಗೂಢಲಿಪಿಯ ಒಪ್ಪಂದ, ಇಷ್ಟು ಹೊತ್ತು ಉಳಿಯುತ್ತದೆ. ನಮ್ಮ 4ಜಿಯಲ್ಲಿ ಆ ಉಳಿತಾಯ ಕಣ್ಣಿಗೆ ಕಾಣುವಷ್ಟಿದೆ.

ಆದರೆ ಅತ್ತ ಕಡೆಯ ಸರ್ವರಿಗೂ ತನ್ನದೇ ಗಡಿಯಾರವಿದೆ. ಅದು 3 ಸೆಕೆಂಡಿಗೇ ಮುಚ್ಚುವಂಥದ್ದಾಗಿದ್ದು, ಆ ವಿಷಯ ನಮಗೆ ತಿಳಿಸದಿದ್ದರೆ? ಅದು ಬಾಗಿಲು ಎಳೆದುಕೊಳ್ಳುತ್ತಿರುವ ಕ್ಷಣಕ್ಕೇ ನಮ್ಮ ತೂಕದ ಸಂದೇಶ ಹೊರಟರೆ 'ಕನೆಕ್ಷನ್ ರಿಸೆಟ್' ಎಂಬ ಉತ್ತರ ಬರುತ್ತದೆ. ಇದು ನೂರರಲ್ಲಿ ಒಮ್ಮೆಯೋ ಸಾವಿರದಲ್ಲಿ ಒಮ್ಮೆಯೋ ಆಗುವ ಕಾಟ. ಹಳೆಯ ಆವೃತ್ತಿಯಲ್ಲಿ ಇದಕ್ಕೆ ಎಡೆಯೇ ಇರಲಿಲ್ಲ, ಏಕೆಂದರೆ ಹಳೆಯ ಸಂಪರ್ಕವನ್ನು ಅಲ್ಲಿ ಮರುಬಳಕೆ ಮಾಡುತ್ತಲೇ ಇರಲಿಲ್ಲ. ಮಿಲ್ಲಿಗೆ ಒಯ್ಯುವ ಮೊದಲು ಎರಡೂ ಆವೃತ್ತಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಓಡಿಸಿ, ಲಿನಕ್ಸಿನ ಎಸ್ಎಸ್ ಆಜ್ಞೆಯಿಂದ ತೆರೆದ ಸಂಪರ್ಕಗಳ ಪಟ್ಟಿ ತೆಗೆದು ನೋಡಿದೆ. ಹಳೆಯದರ ಪಟ್ಟಿಯಲ್ಲಿ ಟೈಮ್ ವೇಟ್ ಸಾಲುಗಳು ಉದ್ದಕ್ಕೆ ನಿಂತಿದ್ದವು. ಹೊಸದರಲ್ಲಿ ಅವು ಮಾಯವಾಗಿ ಒಂದೆರಡು ಸಂಪರ್ಕಗಳು ತೆರೆದು ಕೂತಿದ್ದವು. ಮುಚ್ಚುವ ಹೊಣೆ ಕೈ ಬದಲಿಸಿದ್ದು ಅಲ್ಲೇ ಕಣ್ಣೆದುರಿಗಿತ್ತು.

ಪರಿಹಾರ ಮೂರು. ನಮ್ಮ ಕಡೆಯ ಗಡಿಯಾರ ಅತ್ತ ಕಡೆಯದಕ್ಕಿಂತ ಮೊದಲು ಬಾರಿಸುವಂತೆ ಹೊಂದಿಸುವುದು ಒಂದು. ರಿಸೆಟ್ ಬಂದರೆ ಹೊಸ ಸಂಪರ್ಕದಲ್ಲಿ ಇನ್ನೊಮ್ಮೆ ಕಳಿಸುವುದು ಎರಡು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಪ್ರತಿ ತೂಕದ ಚೀಟಿಗೂ ಬೇರೊಂದಕ್ಕಿಲ್ಲದ ನಂಬರ್ ಕೊಡುವುದು. ರಿಸೆಟ್ ಬಂದಾಗ ಸಂದೇಶ ತಲುಪಿತೋ ಇಲ್ಲವೋ ನಮಗೆ ತಿಳಿಯದು. ಎರಡು ಸಲ ತಲುಪಿದರೂ ಆ ನಂಬರ್ ನೋಡಿ ಸರ್ವರ್ ಒಂದೇ ಸಲ ಬರೆದುಕೊಳ್ಳಬೇಕು. ವರ್ಷದ ದುಡಿಮೆಯನ್ನು ಒಂದು ಗಾಡಿಯಲ್ಲಿ ತುಂಬಿಕೊಂಡು ಬಂದವರ ಲೆಕ್ಕದಲ್ಲಿ ಕ್ವಿಂಟಲ್ ತಪ್ಪಬಾರದು, ಹೆಚ್ಚಾಗಲೂಬಾರದು.

ಇನ್ನೊಂದು ತೊಡಕು ನಡುವಿನ ರೂಟರಿನದು. ಮೊಬೈಲ್ ಜಾಲದ ಯಂತ್ರಗಳು ಸದ್ದಿಲ್ಲದ ಸಂಪರ್ಕವನ್ನು ಮರೆತುಬಿಡುತ್ತವೆ. ಕನಿಷ್ಠ 2 ಗಂಟೆ 4 ನಿಮಿಷ ನೆನಪಿಡಬೇಕೆಂದು 2008ರ ಕಟ್ಟಳೆ ಹೇಳುತ್ತದೆ, ಹಲವು ಜಾಲಗಳಲ್ಲಿ ಅದಕ್ಕಿಂತ ಬಹಳ ಮೊದಲೇ ಮರೆವು. ಆಗ ಎರಡೂ ತುದಿಯವರು ಸಂಪರ್ಕ ಇದೆ ಎಂದೇ ನಂಬಿರುತ್ತಾರೆ. ಲಿನಕ್ಸಿನಲ್ಲಿ ಟಿಸಿಪಿಯ ಉಸಿರು ವಿಚಾರಿಸುವ ಏರ್ಪಾಡನ್ನು ಚಾಲೂ ಮಾಡಿದರೂ ಅದು ವಾಡಿಕೆಯಾಗಿ 2 ಗಂಟೆ ಸುಮ್ಮನಿದ್ದು, ಆಮೇಲೆ 75 ಸೆಕೆಂಡಿಗೊಮ್ಮೆಯಂತೆ 9 ಸಲ ಕೇಳಿ, ಉತ್ತರವಿಲ್ಲದಿದ್ದರೆ ಬಿಡಿಸುತ್ತದೆ. ಕಾಕಾನ ಬೋರ್ಡಿನ ಕೆಲಸವೇ, ಆದರೆ ಬಹಳ ನಿಧಾನ. ಆದ್ದರಿಂದ ವೇಬ್ರಿಜ್ಜಿನ ಪ್ರೋಗ್ರಾಮಿನಲ್ಲಿ ಈ ಅವಧಿಗಳನ್ನು ನಾವೇ ಇಳಿಸಿಡುತ್ತೇವೆ.

ಬೇರೆ ಲೈಬ್ರರಿಗಳ ಕಥೆಯೂ ಇದೇ. ಅಪಾಚೆ ಎಚ್‌ಟಿಟಿಪಿ ಕ್ಲೈಂಟ್ ತನ್ನ 4ನೇ ಆವೃತ್ತಿಯಲ್ಲಿ ಒಂದು ಸರ್ವರಿಗೆ ಎರಡೇ ಸಂಪರ್ಕ ಕೊಡುತ್ತಿತ್ತು, 5ನೇ ಆವೃತ್ತಿಗೆ ಅದು ಐದಾಯಿತು. ಆಂಡ್ರಾಯ್ಡಿನಲ್ಲಿ ಬಳಕೆಯಾಗುವ ಓಕೆಎಚ್‌ಟಿಟಿಪಿ ಐದು ಸಂಪರ್ಕಗಳನ್ನು ಐದು ನಿಮಿಷ ಕಾದಿಡುತ್ತದೆ, ಗೋ ಭಾಷೆಯ ಲೈಬ್ರರಿ 90 ಸೆಕೆಂಡು. ಪೈಥಾನಿನ ಯುಆರ್‌ಎಲ್‌ಲಿಬ್3 ತನ್ನ 2.0 ಆವೃತ್ತಿಯಲ್ಲಿ, 2023ರಲ್ಲಿ, ಟಿಎಲ್‌ಎಸ್ 1.2ಕ್ಕಿಂತ ಹಳೆಯ ಗೂಢಲಿಪಿಯವರ ಜೊತೆ ವಾಡಿಕೆಯಾಗಿ ಮಾತಾಡುವುದನ್ನೇ ಬಿಟ್ಟಿತು. ನಾವು ಬರೆದ ಒಂದು ಸಾಲೂ ಬದಲಾಗದೆ ನಮ್ಮ ಪ್ರೋಗ್ರಾಮಿನ ನಡವಳಿಕೆ ಬದಲಾಗುವುದು ಹೀಗೆ. ಅದಕ್ಕೇ ಆವೃತ್ತಿಯ ಜೊತೆ ಬರುವ ಬದಲಾವಣೆಗಳ ಟಿಪ್ಪಣಿಯಲ್ಲಿ ನಾನು ಮೊದಲು ಹುಡುಕುವುದು ವಾಡಿಕೆಯ ಅಂಕಿಗಳನ್ನು. ಹೊಸ ಸೌಲಭ್ಯಗಳ ಪಟ್ಟಿ ಆಮೇಲೆ.

ಕಾಲುವೆಯ ಗೇಟು

ನಮ್ಮ ಸೀಮೆಯಲ್ಲಿ ತೆರೆಯುವ ಮುಚ್ಚುವ ವಿಷಯ ಎತ್ತಿದರೆ ಜನ ಮೊದಲು ನೆನೆಯುವುದು ನಾರಾಯಣಪುರ ಎಡದಂಡೆ ಕಾಲುವೆಯನ್ನು. ಬಸವಸಾಗರ ಜಲಾಶಯದ ನೀರು 1982ರಿಂದ ಈ ಹೊಲಗಳ ಬಾಳನ್ನೇ ಬದಲಿಸಿತು. ಶಹಾಪುರದ ಹತ್ತಿರದ ಭೀಮರಾಯನಗುಡಿ ನೀರಾವರಿ ಕಚೇರಿಗಳ ಊರಾಯಿತು. ಮೇಲ್ಭಾಗದವರು ತೂಬು ತೆರೆದು ಹಾಗೇ ಬಿಟ್ಟರೆ ಟೇಲ್ ಎಂಡ್ ರೈತರಿಗೆ ಕಾಲುವೆ ಇದ್ದೂ ನೀರಿಲ್ಲ. ಆದ್ದರಿಂದಲೇ ವಾರಬಂದಿ, ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್ ಎಂಬ ಸರದಿ. ಕೊನೆಯ ಹೊಲಕ್ಕೆ ನೀರು ಮುಟ್ಟುವುದು ಮೇಲಿನವರು ಹೊತ್ತಿಗೆ ಸರಿಯಾಗಿ ಬಂದ್ ಮಾಡುವುದರ ಮೇಲೆ ನಿಂತಿದೆ.

ಈ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ಕಾಮಗಾರಿಯನ್ನು 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಲೋಕಾರ್ಪಣೆ ಮಾಡಿದರು. ಸರಕಾರ ಆಗ ಕೊಟ್ಟ ಲೆಕ್ಕದಂತೆ 10,000 ಕ್ಯೂಸೆಕ್ ಸಾಮರ್ಥ್ಯ, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು, 560 ಹಳ್ಳಿ, ಸುಮಾರು 4,700 ಕೋಟಿ ರೂಪಾಯಿ. ಆಧುನೀಕರಣದ ಭಾಗವಾಗಿ ಗೇಟುಗಳಿಗೆ ಸ್ಕಾಡಾ ವ್ಯವಸ್ಥೆ ಬಂದಿದೆ. ನೀರಿನ ಮಟ್ಟ ಅಳೆಯುವ ಸಾಧನ ಗೇಟಿನಲ್ಲೇ ಇರುತ್ತದೆ, ಗೇಟು ದೂರದ ಕಂಪ್ಯೂಟರಿನ ಆಜ್ಞೆಗೆ ಏರುತ್ತದೆ, ಇಳಿಯುತ್ತದೆ. ನನ್ನ ಕಸುಬು ಕಾಲುವೆಯ ದಂಡೆಗೇ ಬಂದು ನಿಂತಂತಾಯಿತು. ಇಂಥ ಯಾವುದೇ ವ್ಯವಸ್ಥೆಯಲ್ಲಿ ಕೇಂದ್ರದ ಜೊತೆ ಸಂಪರ್ಕ ತಪ್ಪಿದ ಗೇಟು ಏನು ಮಾಡಬೇಕು? ಇದ್ದಂತೆಯೇ ಇರಬೇಕೋ, ಕೊನೆಗೆ ಕೇಳಿದ ಪ್ರಮಾಣವನ್ನು ತಾನೇ ಕಾಯ್ದುಕೊಳ್ಳಬೇಕೋ, ಇಳಿಯಬೇಕೋ? ಎಷ್ಟು ಹೊತ್ತು ಕಾಯಬೇಕು? ಇವು ಎಂಜಿನಿಯರುಗಳ ಕೋಣೆಯಲ್ಲೇ ಮುಗಿಯುವ ಪ್ರಶ್ನೆಗಳಲ್ಲ, ಟೇಲ್ ಎಂಡಿನ ಮೆಣಸಿನಕಾಯಿಗೂ ಭತ್ತಕ್ಕೂ ಸಂಬಂಧಪಟ್ಟವು. ಅಂಥ ಸಾಫ್ಟ್‌ವೇರಿನ ಲೈಬ್ರರಿಯೊಂದು ಅಪ್‌ಗ್ರೇಡ್ ಆಗುವಾಗ ಈ ಪ್ರಶ್ನೆಗಳನ್ನು ಹೊಸದಾಗಿ ಕೇಳಿ ಉತ್ತರ ಬರೆದಿಡಬೇಕು.

ನನ್ನ ಪ್ರತಿ ಕೆಲಸದ ಕಡತದಲ್ಲಿ ಮೊದಲ ಪುಟಕ್ಕೆ ಮೂರು ಪ್ರಶ್ನೆಗಳಿರುತ್ತವೆ. ಈ ಸಂಪರ್ಕ ತೆರೆಯುವವರು ಯಾರು? ಮುಚ್ಚುವವರು ಯಾರು? ಅತ್ತ ಕಡೆ ಉಸಿರಿಲ್ಲದಿದ್ದರೆ ಎಷ್ಟು ಹೊತ್ತಿಗೆ ಬಿಡಿಸಬೇಕು? ಅಪ್‌ಗ್ರೇಡ್ ಮಾಡುವ ಮೊದಲು ಒಮ್ಮೆ, ಮಾಡಿದ ಮೇಲೆ ಒಮ್ಮೆ ಈ ಉತ್ತರಗಳನ್ನು ಸರಿನೋಡುತ್ತೇನೆ.

ಯಾದಗಿರಿ, ಶಹಾಪುರ, ಸುರಪುರದ ಕಾಲೇಜುಗಳಿಂದ ಈ ಕಸುಬಿಗೆ ಬರುವ ಹುಡುಗ ಹುಡುಗಿಯರು ವರ್ಷವರ್ಷಕ್ಕೆ ಹೆಚ್ಚುತ್ತಿದ್ದಾರೆ. ನನ್ನ ಹತ್ತಿರ ಕಲಿಯಲು ಬಂದವರನ್ನು ಟಿಸಿಪಿ ಬಗ್ಗೆ ಕೇಳಿದರೆ ತೆರೆಯುವ ಮೂರು ಹೆಜ್ಜೆಗಳನ್ನು ಥಟ್ಟನೆ ಹೇಳುತ್ತಾರೆ. ಮುಚ್ಚುವ ನಾಲ್ಕಕ್ಕೆ ತಡವರಿಸುತ್ತಾರೆ. ಪಾಠ ಹೇಳುವವರಲ್ಲಿ ನನ್ನ ಕೇಳಿಕೆ ಇಷ್ಟೆ: ಆ ನಾಲ್ಕು ಹೆಜ್ಜೆಗೂ ಒಂದು ಪೂರ್ತಿ ತರಗತಿ ಕೊಡಿ, ಪ್ರಯೋಗಾಲಯದಲ್ಲಿ ಒಂದು ಸಂಪರ್ಕವನ್ನು ಬೇಕೆಂದೇ ಮುಚ್ಚದೆ ಬಿಟ್ಟು ಕ್ಲೋಸ್ ವೇಟ್ ಸಾಲುಗಳು ಬೆಳೆಯುವುದನ್ನು ಅವರ ಕಣ್ಣಿಗೇ ತೋರಿಸಿ. ಹಳೆಯ ಎಕ್ಸ್‌ಚೇಂಜಿನಲ್ಲಿ ದುಡಿದ ಆಪರೇಟರುಗಳು, ಲೈನ್‌ಮನ್ನುಗಳು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಒಂದು ದಿನ ತರಗತಿಗೆ ಕರೆಸಿ ಕೇಳಿಸಿ. ಲೈನ್ ಬಿಡಿಸುವುದು ಇನ್ನೊಬ್ಬರ ಸರದಿಗೆ ಕೊಡುವ ಮರ್ಯಾದೆ ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ಪುಸ್ತಕವೂ ಕಲಿಸದು.